ಕೂಲರ್ ಒಳಗಿನ ಕಣಜ

ಮಾರ್ಚ್ ಬರುತ್ತಿದ್ದಂತೆ ರಾಯಚೂರಿನ ಮನೆಮನೆಯಲ್ಲೂ ಒಂದೇ ಕೆಲಸ. ಮಳೆಗಾಲ, ಚಳಿಗಾಲ ಪೂರ್ತಿ ಮೂಲೆಯಲ್ಲಿ ಕೂತಿದ್ದ ಕೂಲರ್ ಮೇಲಿನ ಹಳೇ ಚಾದರ ಕಿತ್ತು, ಜಾಲಿ ಬಿಚ್ಚಿ, ಹೋದ ವರ್ಷದ ಹುಲ್ಲು ತೆಗೆದು ಹೊಸದು ತುಂಬುವುದು. ಜಾಲಿಯ ಕೊನೆಯ ಸ್ಕ್ರೂ ಸಡಿಲವಾಗುವ ಹೊತ್ತಿಗೆ ಒಳಗಿನಿಂದ ಸಣ್ಣ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಕೇಳಿಸಿತು ಅನ್ನುವಷ್ಟರಲ್ಲಿ ಬೆರಳಿಗೋ ಹುಬ್ಬಿಗೋ ಬಿದ್ದಾಗಿರುತ್ತದೆ. ‘ಯವ್ವಾ’ ಎಂದು ಸ್ಕ್ರೂಡ್ರೈವರ್ ಎಸೆದು ಓಡಿದವನ ಹಿಂದೆ ಅಡುಗೆಮನೆಯಿಂದ ಸುಣ್ಣದ ಡಬ್ಬಿ ಬರುತ್ತದೆ.

ಕೂಲರ್ ಒಂದೇ ಅಲ್ಲ. ಕರೆಂಟಿನ ಮೀಟರ್ ಡಬ್ಬಿ, ಗೇಟಿನ ಪೊಳ್ಳು ಪೈಪು, ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳ, ದನದ ಕೊಟ್ಟಿಗೆಯ ತಗಡಿನ ಅಡಿ, ಬಾಡಿಗೆಯವರು ಬಿಟ್ಟುಹೋದ ಖಾಲಿ ಕೋಣೆಯ ಕಿಟಕಿ, ಎಲ್ಲವೂ ಕಣಜಕ್ಕೆ ಒಪ್ಪುವ ಜಾಗಗಳೇ. ಮಾನ್ವಿ, ದೇವದುರ್ಗದ ಹೊಲಗಳಲ್ಲಿ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿದೆ: ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಒಂದು ಕೈಯಲ್ಲಿ ಮೊಬೈಲ್ ಬೆಳಕು, ಇನ್ನೊಂದು ಕೈಯಿಂದ ಡಬ್ಬಿಯ ಬಾಗಿಲು. ಮುಖ ಡಬ್ಬಿಗೆ ಒಂದು ಗೇಣು ದೂರ. ಕಣಜ ಕಡಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಗಾಬರಿಯಲ್ಲಿ ತಂತಿ ತಾಗುವ ಅಪಾಯ ಬೇರೆ.

ಈ ಜಾಗಗಳಿಗೆಲ್ಲ ಒಂದು ಸಮಾನ ಗುಣವಿದೆ. ಮೇಲೆ ನೆರಳು, ಮಳೆ–ಗಾಳಿಗೆ ಮರೆ, ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗೂಡು ಕಾದರೆ ಒಳಗಿನ ಮರಿಗಳು ಬೇಯುತ್ತವೆ. ಅದಕ್ಕೇ ಕಣಜಗಳು ಬಾಯಲ್ಲಿ ನೀರು ತಂದು ಗೂಡಿನ ಮೇಲೆ ಹನಿ ಹರಡಿ ರೆಕ್ಕೆ ಬೀಸುತ್ತವೆ. ನೀರು ಆರಿದಂತೆ ಗೂಡು ತಂಪಾಗುತ್ತದೆ. ಕೂಲರ್ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ಬೇಸಿಗೆಯ ಮಧ್ಯಾಹ್ನ ಬಚ್ಚಲ ಕಟ್ಟೆ, ಸೋರುವ ನಲ್ಲಿ, ಹಕ್ಕಿಗಿಟ್ಟ ನೀರಿನ ಬಟ್ಟಲ ಸುತ್ತ ಸುಳಿಯುವ ಕಣಜ ನೀರು ಹೊರುವ ಕೂಲಿಯಾಳು. ಅದಕ್ಕೆ ನಿಮ್ಮ ಗೊಡವೆ ಬೇಕಿಲ್ಲ. ಅಂಗೈಯಡಿ ಅಮುಕಿದರೆ, ಬಟ್ಟೆಯೊಳಗೆ ಸಿಕ್ಕಿಸಿಕೊಂಡರೆ ಮಾತ್ರ ಚುಚ್ಚೀತು. ಗೂಡಿನ ಹತ್ತಿರ ಹೋದಾಗಿನ ಕಣಜವೇ ಬೇರೆ, ನೀರಿನ ಹತ್ತಿರ ಬಂದ ಕಣಜವೇ ಬೇರೆ.

ನಮ್ಮಲ್ಲಿ ರೆಕ್ಕೆ ಇದ್ದು ಚುಚ್ಚುವ ಹುಳವೆಲ್ಲ ಒಂದೇ ಎಂಬ ಭಾವನೆ. ಮಣ್ಣಿನ ಗೂಡಿಗೂ ಬೆಂಕಿ, ಕಾಗದದ ಗೂಡಿಗೂ ಬೆಂಕಿ, ಹೆಜ್ಜೇನಿಗೂ ಬೆಂಕಿ. ಅಂಗಳದಲ್ಲಿ ಕಟ್ಟಿದ್ದು ಯಾರು ಎಂದು ಮೊದಲು ನೋಡಿದರೆ ಅರ್ಧ ಸಂದರ್ಭಗಳಲ್ಲಿ ಏನೂ ಮಾಡುವ ಅಗತ್ಯವೇ ಬೀಳುವುದಿಲ್ಲ.

ಗೋಡೆಯ ಮೂಲೆಯಲ್ಲಿ, ದೇವರ ಫೋಟೋದ ಹಿಂದೆ, ಪುಸ್ತಕದ ಬೆನ್ನಿಗೆ ಮಣ್ಣಿನ ಉಂಡೆ ಅಂಟಿಸಿ ಹೋಗುವುದು ಕುಂಬಾರ ಹುಳ. ನಡು ದಾರದಷ್ಟು ಸಣ್ಣ. ಗುಂಪಿಲ್ಲ, ರಾಣಿಯಿಲ್ಲ, ಕಾವಲಿಲ್ಲ. ಒಂಟಿ ಹೆಣ್ಣು ನಲ್ಲಿಯ ಕೆಳಗಿನ ಕೆಸರನ್ನು ಉಂಡೆ ಮಾಡಿ ಹೊತ್ತು ತಂದು ಕೋಣೆ ಕಟ್ಟುತ್ತದೆ. ಗೂಡು ಕಾಯಲು ಅದು ಯಾರ ಮೇಲೂ ಏರಿ ಬರುವುದಿಲ್ಲ. ಕೈಯಲ್ಲಿ ಹಿಡಿದು ಹಿಂಸಿಸಿದರಷ್ಟೇ ಚುಚ್ಚುತ್ತದೆ. ಇದರ ಗೂಡಿಗೆ ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ನಗು ಬರುತ್ತದೆ. ಬೇಡವಾದರೆ ಹುಳ ಹೊರಹೋದಾಗ ಚಮಚದಿಂದ ಕೆರೆದು ಹಾಕಿದರೆ ಮುಗಿಯಿತು.

ಈ ಹುಳಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಮರ್ಯಾದೆಯೂ ಇದೆ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇರುವ ನೆಲ ಇದು. ಹರಿಕಥೆಗೆ ಕೂತವರಿಗೆ ಕೀಟ–ಭ್ರಮರ ನ್ಯಾಯ ಹೊಸದಲ್ಲ. ಭ್ರಮರ ಒಂದು ಹುಳವನ್ನು ಹಿಡಿದು ತಂದು ಗೋಡೆಯ ಗೂಡಿನಲ್ಲಿ ಮುಚ್ಚಿಡುತ್ತದೆ. ಭಯದಿಂದ ಭ್ರಮರವನ್ನೇ ನೆನೆನೆನೆದು ಆ ಹುಳ ಕೊನೆಗೆ ಭ್ರಮರವೇ ಆಗಿ ಹೊರಬರುತ್ತದೆ. ಭಗವಂತನನ್ನು ಎಡೆಬಿಡದೆ ನೆನೆಯುವ ಜೀವಕ್ಕೂ ಹಾಗೆಯೇ ಎಂಬುದು ದೃಷ್ಟಾಂತ. ಭಾಗವತದ ಏಳನೆಯ ಸ್ಕಂಧದಲ್ಲಿ ನಾರದರು ಇದನ್ನು ಹೇಳುತ್ತಾರೆ. ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ತನ್ನ 24 ಗುರುಗಳನ್ನು ಎಣಿಸುವಾಗ ಕಟ್ಟಕಡೆಯ ಗುರುವಾಗಿ ಬರುವುದೂ ಇದೇ ಹುಳ.

ದೃಷ್ಟಾಂತ ಹೇಳಿದವರು ಕಂಡದ್ದು ಸುಳ್ಳಲ್ಲ. ಒಳಗೆ ಹೋದದ್ದು ಹಸಿರು ಕಂಬಳಿಹುಳ, ಹೊರಗೆ ಬಂದದ್ದು ಕಣಜ. ನಡುವೆ ಮಣ್ಣಿನ ಮುಚ್ಚಳದ ಹಿಂದೆ ನಡೆದದ್ದು ಮಾತ್ರ ಕಾಣುವಂತಿರಲಿಲ್ಲ. ಹೆಣ್ಣು ಕಣಜ ಹುಳವನ್ನು ಕೊಲ್ಲುವುದಿಲ್ಲ. ಹದವಾಗಿ ಚುಚ್ಚಿ ಅಲುಗಾಡದಂತೆ ಮಾಡುತ್ತದೆ. ಕೊಂದರೆ ಕೊಳೆಯುತ್ತದೆ. ಜೀವ ಉಳಿಸಿದರೆ ದಿನಗಟ್ಟಲೆ ತಾಜಾ. ಅದರ ಜೊತೆಗೆ ಒಂದು ಮೊಟ್ಟೆ ಇಟ್ಟು ಬಾಗಿಲು ಮೆತ್ತುತ್ತದೆ. ಮೊಟ್ಟೆಯೊಡೆದ ಮರಿ ಆ ಹುಳವನ್ನು ತಿಂದು, ಕೋಶ ಕಟ್ಟಿ, ರೆಕ್ಕೆ ಬಂದ ಮೇಲೆ ಮಣ್ಣು ಕೊರೆದು ಹೊರಡುತ್ತದೆ. ಕುಂಬಾರ ಹುಳಗಳಲ್ಲೇ ಒಂದು ಬಗೆಗೆ ಕಂಬಳಿಹುಳ ಬೇಡ, ಜೇಡವೇ ಬೇಕು. ಮದ್ರಾಸಿನ ಹೆಸರು ಹೊತ್ತ ಸ್ಕೆಲಿಫ್ರಾನ್ ಮದ್ರಾಸ್‌ಪಟಾನಮ್ ಅಂಥದ್ದು. ಅವಧೂತನ ಪಟ್ಟಿಯಲ್ಲಿ 23ನೆಯ ಗುರು ಜೇಡ. ನಮ್ಮ ಗೋಡೆಯ ಮೇಲೆ 24ನೆಯ ಗುರು 23ನೆಯ ಗುರುವನ್ನು ಹೊತ್ತು ಒಯ್ಯುವುದನ್ನು ಯಾವ ಹರಿಕಥೆ ದಾಸರೂ ಹೇಳಿದ್ದು ನಾನು ಕೇಳಿಲ್ಲ.

ಕುಂಬಾರ ಹುಳದಿಂದ ತೊಂದರೆ ಇರುವುದು ಅದು ಆರಿಸುವ ತೂತುಗಳಲ್ಲಿ. ಪ್ಲಗ್ ಪಾಯಿಂಟಿನ ತೂತು, ಗ್ಯಾಸ್ ಸ್ಟವ್ ಬರ್ನರಿನ ಕೊಳವೆ, ನಿಲ್ಲಿಸಿಟ್ಟ ಬೈಕಿನ ಸೈಲೆನ್ಸರ್, ಎಲ್ಲವನ್ನೂ ಮಣ್ಣಿನಿಂದ ಮೆತ್ತಿಬಿಡುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬಿರ್ಗೆನೇರ್ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಗಾಳಿಯ ವೇಗ ಅಳೆಯುವ ಕೊಳವೆ ಮುಚ್ಚಿಕೊಂಡಿತ್ತು. ಆ ವಿಮಾನ ಕೆಲವು ದಿನ ಕೊಳವೆಗೆ ಮುಚ್ಚಳ ಹಾಕದೆ ನಿಂತಿತ್ತು, ಮಣ್ಣಿನ ಗೂಡು ಕಟ್ಟುವ ಕಣಜದ ಮೇಲೆಯೇ ತನಿಖೆಯವರ ಸಂಶಯ ಹೋಯಿತು. ಕಣಜದ ವಿಷಕ್ಕೆ ಹೆದರುವ ನಮಗೆ ಅದರ ಮಣ್ಣಿನ ಬಗ್ಗೆ ಇಂಥ ಯೋಚನೆ ಬರುವುದಿಲ್ಲ.

ಕೂಲರ್ ಒಳಗೆ ಕಡಿಯುವುದು ಎರಡನೆಯ ಬಗೆ, ಕಾಗದದ ಕಣಜ. ಒಣಕಟ್ಟಿಗೆ, ಹಳೇ ಬೇಲಿಗೂಟ, ಬಣ್ಣ ಹೋದ ಬಾಗಿಲುಗಳ ನಾರನ್ನು ಕೆರೆದು, ಜೊಲ್ಲಿನಲ್ಲಿ ಅಗಿದು ಕಾಗದ ಮಾಡುವ ಹುಳ. ಕಟ್ಟಿಗೆಯಿಂದ ಕಾಗದ ಮಾಡಬಹುದು ಎಂಬ ಮಾತನ್ನು ಫ್ರಾನ್ಸಿನ ರಿಯೋಮ್ಯೂರ್ 1719ರಲ್ಲಿ ಎತ್ತಿದ್ದು ಈ ಹುಳಗಳ ಕೆಲಸ ನೋಡಿಯೇ. ಆಗ ಯುರೋಪು ಕಾಗದ ಮಾಡುತ್ತಿದ್ದದ್ದು ಹಳೇ ಬಟ್ಟೆಯ ಚಿಂದಿಯಿಂದ. ಗೂಡು ಒಂದು ಸಣ್ಣ ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಬಚ್ಚಲ ಶವರ್‌ನಂತೆ ಮುಖ ಕೆಳಗೆ, ಆರು ಮೂಲೆಯ ಕೋಣೆಗಳಿಗೆ ಹೊರಹೊದಿಕೆ ಇರುವುದಿಲ್ಲ. ಆ ತೊಟ್ಟಿಗೆ ಕಣಜಗಳು ಇರುವೆಗೆ ಆಗದ ಒಂದು ದ್ರವ ಸವರುತ್ತವೆ. ಮರಿ ಕದಿಯುವ ಕೆಂಪಿರುವೆಗೆ ಬೇರೆ ದಾರಿಯೇ ಇರುವುದಿಲ್ಲ.

ಈ ಸಣ್ಣ ಕಂದು ಕಣಜಗಳಲ್ಲಿ ಒಂದಾದ ರೋಪಾಲಿಡಿಯ ಮಾರ್ಜಿನೇಟಕ್ಕೆ ಜಗತ್ತಿನ ಜೀವವಿಜ್ಞಾನದಲ್ಲಿ ಹೆಸರು ತಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ವಿದ್ಯಾರ್ಥಿಯಾಗಿದ್ದಾಗ ಸೆಂಟ್ರಲ್ ಕಾಲೇಜಿನಲ್ಲಿ ಕಂಡ ಗೂಡುಗಳು ಅವರನ್ನು ಸೆಳೆದವು. ಮುಂದೆ ಅದೇ ದಶಕಗಳ ಅಧ್ಯಯನವಾಯಿತು. ಆ ಕುರಿತ ಅವರ ದೊಡ್ಡ ಪುಸ್ತಕವನ್ನು ಹಾರ್ವರ್ಡ್ ವಿಶ್ವವಿದ್ಯಾಲಯ 2001ರಲ್ಲಿ ಪ್ರಕಟಿಸಿತು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಯಾರನ್ನು ಅಟ್ಟುತ್ತಾರೆ, ಯಾರು ಆಹಾರ ತರುತ್ತಾರೆ, ಯಾರು ಸುಮ್ಮನೆ ಕೂರುತ್ತಾರೆ ಎಂದು ಬರೆದುಕೊಳ್ಳುವ ಕೆಲಸ ಅದು. ಅದರಲ್ಲಿ ಸಿಕ್ಕ ಸಂಗತಿ ವಿಚಿತ್ರವಾಗಿದೆ. ಗೂಡಿನ ರಾಣಿ ಗದರುವವಳಲ್ಲ, ಇದ್ದವರಲ್ಲೇ ಸಾಧು. ನೋಡಲೂ ಉಳಿದವರ ಹಾಗೆಯೇ. ಅವಳನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರರ ಪೈಕಿ ಒಬ್ಬಳು ಇದ್ದಕ್ಕಿದ್ದಂತೆ ಜಗಳಗಂಟಿಯಾಗಿ ಎಲ್ಲರನ್ನೂ ಅಟ್ಟಾಡಿಸುತ್ತಾಳೆ. ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡಲು ಶುರುಮಾಡಿ ಅವಳೇ ರಾಣಿಯಾಗುತ್ತಾಳೆ, ಆಮೇಲೆ ಅವಳೂ ಸಾಧುವಾಗುತ್ತಾಳೆ. ಉತ್ತರಾಧಿಕಾರಿ ಯಾರೆಂದು ಸಂಶೋಧಕರಿಗೆ ಮೊದಲೇ ಗುರುತಿಸಲು ಆಗಲಿಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುವಂತೆ ತೋರುತ್ತದೆ.

ಮನೆಯವರ ಉಪಯೋಗಕ್ಕೂ ಇದರಲ್ಲಿ ಒಂದು ವಿಷಯವಿದೆ. ಶೀತ ದೇಶಗಳಲ್ಲಿ ಕಣಜದ ಗೂಡು ಚಳಿಗಾಲಕ್ಕೆ ತಾನಾಗಿ ಖಾಲಿಯಾಗುತ್ತದೆ, ಅಲ್ಲಿಯವರೆಗೆ ಕಾದರೆ ಸಾಕು ಎನ್ನುತ್ತಾರೆ. ದಕ್ಷಿಣ ಭಾರತದ ಈ ಕಣಜಕ್ಕೆ ಅಂಥ ಕಾಲಗಣನೆಯಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಶುರುವಾಗಬಹುದು, ಹಳೆಯದು ಮುಂದುವರಿಯಬಹುದು. ರಾಣಿ ಸತ್ತರೂ ಗೂಡು ಸಾಯುವುದಿಲ್ಲ. ವಿದೇಶದ ವಿಡಿಯೋ ನೋಡಿ ಡಿಸೆಂಬರ್‌ವರೆಗೆ ಕಾಯುವುದು ನಮ್ಮಲ್ಲಿ ನಡೆಯದು.

ಕಾಗದದ ಕಣಜ ಏಕಾಏಕಿ ಕಡಿಯುವುದು ಕಡಿಮೆ. ಹತ್ತಿರ ಹೋದರೆ ಮೊದಲು ಗೂಡಿನ ಮೇಲಿನವೆಲ್ಲ ನಿಮ್ಮ ಕಡೆ ಮುಖ ತಿರುಗಿಸುತ್ತವೆ. ಮುಂಗಾಲು ಎತ್ತಿ, ರೆಕ್ಕೆ ಅಗಲಿಸಿ ನಿಲ್ಲುತ್ತವೆ. ಇಷ್ಟಾದಾಗ ಎರಡು ಹೆಜ್ಜೆ ಹಿಂದೆ ಸರಿದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಕೂಲರ್, ಗೇಟು, ಸ್ಟಾರ್ಟರ್ ಡಬ್ಬಿಯಲ್ಲಿ ನಮಗೆ ಈ ಎಚ್ಚರಿಕೆ ಕಾಣುವುದಿಲ್ಲ. ನಾವು ಮುಟ್ಟುವುದೇ ಗೂಡು ತೂಗಿರುವ ತಗಡನ್ನು. ನಡುಕ ನೇರ ಗೂಡಿಗೆ ಹೋಗುತ್ತದೆ. ಹಾಗಾಗಿ ಜಾಲಿ ಬಿಚ್ಚುವ ಮುನ್ನ ಉದ್ದ ಕೋಲಿನಿಂದ ಕೂಲರಿಗೆ ನಾಲ್ಕು ಸಲ ಬಡಿದು, ದೂರ ನಿಂತು ಐದು ನಿಮಿಷ ನೋಡುವುದು ಒಳ್ಳೆಯ ಅಭ್ಯಾಸ. ಸ್ಟಾರ್ಟರ್ ಡಬ್ಬಿಯನ್ನು ವಾರಕ್ಕೊಮ್ಮೆ ಹಗಲಲ್ಲಿ ತೆರೆದು ನೋಡಿದರೆ ರಾತ್ರಿಯ ಪೆಟ್ಟು ತಪ್ಪುತ್ತದೆ.

ಇನ್ನೊಂದು ದೊಡ್ಡ ಕಣಜವಿದೆ. ರಾಯಚೂರಿನ ತೀನ್ ಕಂದೀಲ್ ಸುತ್ತಿನ ಹಣ್ಣಿನ ಬಂಡಿ, ಬೆಲ್ಲದ ಅಂಗಡಿ, ಜಿಲೇಬಿ ತಟ್ಟೆಯ ಮೇಲೆ ಉರಿಬಿಸಿಲಲ್ಲೂ ಕೂರುವ, ಕೆಂಗಂದು ಮೈಯ, ಹೊಟ್ಟೆಗೆ ಹಳದಿ ಪಟ್ಟಿಯಿರುವ ಹುಳ. ವೆಸ್ಪಾ ಓರಿಯೆಂಟಾಲಿಸ್ ಎಂದು ಶಾಸ್ತ್ರದ ಹೆಸರು. ಮಧ್ಯಾಹ್ನದ ಸುಡುಬಿಸಿಲಲ್ಲಿ ಇದರ ಓಡಾಟ ಹೆಚ್ಚು. ಆ ಹಳದಿ ಪಟ್ಟಿಯ ಬಣ್ಣ ಬಿಸಿಲನ್ನು ಹೀರಿ ವಿದ್ಯುತ್ತಾಗಿ ಬದಲಿಸಬಲ್ಲದು ಎಂದು ಇಸ್ರೇಲಿನ ವಿಜ್ಞಾನಿಗಳು 2010ರಲ್ಲಿ ತೋರಿಸಿದ್ದಾರೆ. ಇದು ನೆಲದ ಬಿಲದಲ್ಲಿ, ಹಳೇ ಗೋಡೆಯ ಪೊಟರೆಯಲ್ಲಿ ಮುಚ್ಚಿದ ಗೂಡು ಕಟ್ಟುತ್ತದೆ. ವಿಷ ಹೆಚ್ಚು, ಗುಂಪು ದೊಡ್ಡದು. ಇದರ ಗೂಡಿನ ತಂಟೆಗೆ ಮನೆಯವರು ಹೋಗಲೇಬಾರದು.

ಹೆಜ್ಜೇನು ಕಣಜವೇ ಅಲ್ಲ. ನೀರಿನ ಟ್ಯಾಂಕು, ಎತ್ತರದ ಕಟ್ಟಡ, ಬಂಡೆಗಲ್ಲಿನ ಗುಡ್ಡ, ಹಳೇ ಆಲದ ಮರದಿಂದ ಜೋತುಬಿದ್ದ ಕಪ್ಪು ಹಾಳೆಯಂಥ ರಟ್ಟು ಅದರದ್ದು. ಹೆಜ್ಜೇನಿನ ಕೊಂಡಿಗೆ ಕೊಕ್ಕೆಯಿದೆ. ಚುಚ್ಚಿದಲ್ಲೇ ಸಿಕ್ಕಿಕೊಂಡು ಹುಳ ಸಾಯುತ್ತದೆ, ವಿಷದ ಚೀಲ ಚರ್ಮದ ಮೇಲೆ ಉಳಿದು ಇನ್ನೂ ಕೆಲ ಕ್ಷಣ ವಿಷ ಇಳಿಸುತ್ತದೆ. ಕಣಜದ ಕೊಂಡಿ ನುಣುಪು. ಒಂದೇ ಕಣಜ ನಾಲ್ಕು ಸಲ ಚುಚ್ಚಿ ಆರಾಮಾಗಿ ಹಾರಿಹೋಗಬಹುದು. ಎರಡರಲ್ಲೂ ಚುಚ್ಚುವುದು ಹೆಣ್ಣು ಮಾತ್ರ. ಚರ್ಮದಲ್ಲಿ ಕಪ್ಪು ಮುಳ್ಳು ಉಳಿದಿದ್ದರೆ ಜೇನು, ಇಲ್ಲದಿದ್ದರೆ ಬಹುಮಟ್ಟಿಗೆ ಕಣಜ.

ಕಣಜದ ಪರವಾಗಿಯೂ ಮಾತಾಡಬೇಕು. ಕಾಗದದ ಕಣಜ ಮರಿಗಳಿಗೆ ಉಣಿಸುವುದು ಮಾಂಸವನ್ನು, ಅಂದರೆ ಕಂಬಳಿಹುಳಗಳನ್ನು ಅಗಿದು ಮಾಡಿದ ಉಂಡೆಯನ್ನು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯನ್ನೂ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನೂ ಹಸಿರು ಮಾಡಿದ ಮೇಲೆ ಹತ್ತಿ, ತೊಗರಿ, ಮೆಣಸಿನಕಾಯಿಗೆ ಹುಳದ ಕಾಟವೂ ಬಂತು, ಔಷಧ ಅಂಗಡಿಯ ಸಾಲವೂ ಬಂತು. ತೊಗರಿಯಲ್ಲಿ ಕಾಯಿಕೊರಕ ಬಿದ್ದರೆ ಗಿಡ ಅಲ್ಲಾಡಿಸಿ ಕೆಳಗೆ ಹಾಸಿದ ಚೀಲದ ಮೇಲೆ ಹುಳ ಉದುರಿಸಿ ಆಯುವ ಕಷ್ಟ ಮಾಡಿದವರಿಗೇ ಗೊತ್ತು. ಬದುವಿನ ಜಾಲಿಗಿಡದ ಕಣಜದ ಗೂಡು ಅದೇ ಕೆಲಸವನ್ನು ದಿನವಿಡೀ ಬಿಟ್ಟಿಯಾಗಿ ಮಾಡುತ್ತಿರುತ್ತದೆ. ಕಣಜ ಇದ್ದರೆ ಔಷಧ ಹೊಡೆಯುವುದೇ ಬೇಡ ಎಂದು ನಾನು ಹೇಳಲಾರೆ. ಕಾಯಿಯೊಳಗೆ ಸೇರಿಕೊಂಡ ಹುಳ ಅದಕ್ಕೆ ಸಿಗುವುದಿಲ್ಲ. ಆದರೆ ಯಾರಿಗೂ ಅಡ್ಡ ಬಾರದ ಗೂಡನ್ನು ಸುಡುವುದು ನಷ್ಟದ ಬಾಬತ್ತು.

ಗೂಡು ತೆಗೆಯಬೇಕೋ ಬೇಡವೋ ಎಂಬುದನ್ನು ಗೂಡಿನ ಗಾತ್ರಕ್ಕಿಂತ ಅದರ ಜಾಗ ನೋಡಿ ತೀರ್ಮಾನಿಸಬೇಕು. ತಾರಸಿಯ ಹೊರಮೂಲೆಯಲ್ಲಿ, ಆಳೆತ್ತರದ ಎರಡರಷ್ಟು ಮೇಲೆ ಇದ್ದರೆ ಇರಲಿ. ಮಕ್ಕಳ ಕೈಗೆಟಕುವ ಗೇಟು, ದಿನಾ ತೆರೆಯುವ ಕಿಟಕಿ, ಬಟ್ಟೆ ಒಣಹಾಕುವ ತಂತಿಯ ಗೂಟ, ಶಾಲೆಯ ಕಟ್ಟೆ, ಅಂಗನವಾಡಿಯ ಬಚ್ಚಲು ಆದರೆ ತೆಗೆಯಲೇಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕಣಜ ಕಡಿದು ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದರೆ ಅಂಗಳದಲ್ಲಿ ಯಾವ ಗೂಡನ್ನೂ ಉಳಿಸಬಾರದು, ಮತ್ತು ತೆಗೆಯುವಾಗ ಆ ವ್ಯಕ್ತಿ ಮನೆಯಲ್ಲೇ ಇರಬಾರದು.

ನಾಲ್ಕಾರು ಕೋಣೆಯ, ಒಂದೆರಡು ಹುಳ ಕೂತ ಹೊಸ ಗೂಡಾದರೆ ಉದ್ದ ಕೋಲಿನಿಂದ ಕೆಡವಿ ದೂರ ಸರಿದರೆ ಆಯಿತು. ಅಂಗೈಯಗಲ ಮೀರಿದ ಗೂಡಿಗೆ ಕತ್ತಲಾದ ಮೇಲೆ ಹೋಗಬೇಕು. ಆಗ ಎಲ್ಲ ಹುಳಗಳೂ ಗೂಡಿನ ಮೇಲಿರುತ್ತವೆ, ಹಾರಾಟವೂ ಕಡಿಮೆ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿದರೆ ಹುಳಗಳಿಗೆ ಆ ಬೆಳಕು ಅಷ್ಟಾಗಿ ಕಾಣುವುದಿಲ್ಲ. ತುಂಬುತೋಳಿನ ದಪ್ಪ ಅಂಗಿ, ಪ್ಯಾಂಟು, ಬೂಟು, ಮುಖಕ್ಕೆ ಹೆಲ್ಮೆಟ್, ಕುತ್ತಿಗೆಗೆ ಟವೆಲ್. ಒಂದು ಲೀಟರ್ ನೀರಿಗೆ ಎರಡು–ಮೂರು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಕಲಸಿ, ದೂರಕ್ಕೆ ಹಾರುವ ಸ್ಪ್ರೇಯರ್‌ನಿಂದ ಗೂಡು ಪೂರ್ತಿ ತೊಯ್ಯುವಂತೆ ಹೊಡೆಯಬೇಕು. ಸೋಪುನೀರು ಹುಳದ ಮೈಮೇಲಿನ ಉಸಿರಾಟದ ರಂಧ್ರಗಳನ್ನು ಮುಚ್ಚಿ ಕೊಲ್ಲುತ್ತದೆ. ಏಣಿ ಹತ್ತಿ ಈ ಕೆಲಸ ಮಾಡಬಾರದು. ಕಣಜ ಕಡಿದ ನೋವಿಗಿಂತ ಏಣಿಯಿಂದ ಬಿದ್ದ ಸೊಂಟದ ನೋವು ಬಹಳ ದಿನ ಇರುತ್ತದೆ. ಸ್ಟಾರ್ಟರ್, ಮೀಟರ್ ಡಬ್ಬಿಗೆ ಸೋಪುನೀರು ಹೊಡೆಯುವ ಮಾತೇ ಇಲ್ಲ. ಅಲ್ಲಿ ಲೈನ್‌ಮನ್ ಕರೆದು ಕರೆಂಟು ತೆಗೆಸಿದ ಮೇಲೆಯೇ ಮುಂದಿನದು. ಹೆಜ್ಜೇನು, ದೊಡ್ಡ ಕಣಜ ಎರಡಕ್ಕೂ ಜೇನು ಬಿಡಿಸುವವರನ್ನೋ ಅಗ್ನಿಶಾಮಕದವರನ್ನೋ ಕೇಳಬೇಕು.

ಕೋಲಿಗೆ ಚಿಂದಿ ಸುತ್ತಿ ಸೀಮೆಎಣ್ಣೆ ಅದ್ದಿ ಹಚ್ಚುವ ಪಂಜಿನ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹತ್ತಿಕಟ್ಟಿಗೆಯ ಬಣವೆ, ಕಣಿಕೆಯ ಮೇವು, ತಟ್ಟಿಯ ಗೋಡೆ ಇರುವ ಅಂಗಳದಲ್ಲಿ ಅದನ್ನು ಎತ್ತುವವರಿಗೆ ಏನು ಹೇಳುವುದು? ಇನ್ನೂ ಕೆಟ್ಟದ್ದು ಹತ್ತಿಗೆ ತಂದು ಉಳಿದ ಔಷಧವನ್ನು ಗೂಡಿಗೆ ಎರಚುವುದು. ಅದು ಕುಡಿಯುವ ನೀರಿನ ಟ್ಯಾಂಕಿಗೆ, ಕೂಲರಿನ ತೊಟ್ಟಿಗೆ ಇಳಿಯುತ್ತದೆ. ಆಮೇಲೆ ಅದೇ ಕೂಲರಿನ ಗಾಳಿಗೆ ಮಕ್ಕಳು ಮಲಗುತ್ತಾರೆ. ಮನೆಯ ಹುಳಕ್ಕೆಂದು ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಡೈಕ್ಲೋರ್‌ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೇ ಬಾಟಲಿ ಅಟ್ಟದ ಮೇಲಿದ್ದರೆ ಹೊರತೆಗೆಯಬೇಡಿ.

ಇಷ್ಟಾದರೂ ಕಡಿಯುತ್ತದೆ. ಕಡಿದ ತಕ್ಷಣ ಆ ಜಾಗ ಬಿಟ್ಟು ಹೋಗುವುದು ಮೊದಲ ಕೆಲಸ. ವಿಷದ ವಾಸನೆಯೇ ಉಳಿದವನ್ನು ಕರೆಯಬಲ್ಲದು. ಜೇನಿನ ಮುಳ್ಳಾದರೆ ಕೂಡಲೇ ತೆಗೆಯಬೇಕು. ಉಗುರಿಂದ ಚಿವುಟಿದರೆ ವಿಷ ಒಳಗೆ ಹೋಗುತ್ತದೆ, ಕಾರ್ಡಿನಿಂದ ಕೆರೆಯಬೇಕು ಎಂಬ ಹಳೇ ಉಪದೇಶವನ್ನು 1996ರಲ್ಲೇ ಅಮೆರಿಕದ ಸಂಶೋಧಕರು ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ತೆಗೆಯುವ ಬಗೆಯಿಂದ ವ್ಯತ್ಯಾಸವಿಲ್ಲ, ತೆಗೆಯುವ ವೇಗದಿಂದ ಇದೆ. ಎಟಿಎಂ ಕಾರ್ಡು ಹುಡುಕಲು ಮನೆಯೊಳಗೆ ಓಡುವವರು ಗಮನಿಸಿ.

ಸುಣ್ಣ ಹಚ್ಚುವುದಕ್ಕೆ ಒಂದು ತರ್ಕ ಹೇಳುತ್ತಾರೆ. ಜೇನಿನ ವಿಷ ಆಮ್ಲ, ಅದಕ್ಕೆ ಸುಣ್ಣ. ಕಣಜದ್ದು ಕ್ಷಾರ, ಅದಕ್ಕೆ ನಿಂಬೆ. ಶಾಲೆಯ ರಸಾಯನಶಾಸ್ತ್ರಕ್ಕೆ ಇದು ಚೆಂದ. ಆದರೆ ನೋವು ಕೊಡುವುದು ಆಮ್ಲ–ಕ್ಷಾರವಲ್ಲ. ವಿಷದಲ್ಲಿರುವ ಪ್ರೋಟೀನು, ಪೆಪ್ಟೈಡು, ಹಿಸ್ಟಮಿನ್‌ನಂಥ ಹತ್ತಾರು ವಸ್ತುಗಳು, ಅವೂ ಚರ್ಮದ ಒಳಪದರದಲ್ಲಿ. ಮೇಲೆ ಮೆತ್ತಿದ ಸುಣ್ಣ ಅಲ್ಲಿಗೆ ಮುಟ್ಟುವುದೇ ಇಲ್ಲ. ಕಣ್ಣಿನ ಹತ್ತಿರ ಹಚ್ಚಿದರೆ ಕಣ್ಣೇ ಸುಡುತ್ತದೆ. ಬೀಗದ ಕೈ ಉಜ್ಜುವುದು ತಣ್ಣಗಿರುವಷ್ಟು ಹೊತ್ತು ಹಿತ, ತುಕ್ಕಿದ್ದರೆ ಬೇಡ. ಸಗಣಿ, ಮಣ್ಣು ಮೆತ್ತಿದರೆ ಧನುರ್ವಾಯುವಿನ ಭಯ. ಈರುಳ್ಳಿ ಹೋಳು ಉಜ್ಜಿದರೆ ಅಪಾಯವೇನಿಲ್ಲ.

ಮಾಡಬೇಕಾದ್ದು ಸರಳ. ಸೋಪು ಹಚ್ಚಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡುವುದು. ಕೈಗೆ ಕಡಿದಿದ್ದರೆ ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯುವುದು. ಆಮೇಲೆ ಅಕ್ಕಸಾಲಿಗರ ಕಟ್ಟರ್ ಬೇಕಾದೀತು. ನೋವಿಗೆ ಪ್ಯಾರಾಸಿಟಮಾಲ್, ತುರಿಕೆಗೆ ಸೆಟ್ರಿಜಿನ್. ಕೆಲವರಿಗೆ ಮರುದಿನ ಮುಂಗೈಯಿಂದ ಮೊಳಕೈವರೆಗೆ ಊದಿಕೊಳ್ಳುತ್ತದೆ. ಎರಡನೆಯ ದಿನ ಬಾವು ಹೆಚ್ಚಿದ್ದು ನೋಡಿ ಕೀವಾಯಿತೆಂದು ಆ್ಯಂಟಿಬಯೋಟಿಕ್ ನುಂಗುತ್ತಾರೆ. ಬಹುಪಾಲು ಅದು ಸೋಂಕಲ್ಲ, ವಿಷಕ್ಕೆ ಮೈ ತೋರಿದ ಪ್ರತಿಕ್ರಿಯೆ. ವಾರದೊಳಗೆ ತಾನಾಗಿ ಇಳಿಯುತ್ತದೆ. ಬಾಯಿ, ನಾಲಿಗೆ, ಗಂಟಲಿಗೆ ಕಡಿದಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಬಂಡಿಯ ಕಬ್ಬಿನ ಹಾಲಿನ ಲೋಟದಲ್ಲಿ, ತಂಪು ಪಾನೀಯದ ಡಬ್ಬಿಯಲ್ಲಿ ಕಣಜ ಬಿದ್ದಿರುವುದು ಅಪರೂಪವೇನಲ್ಲ.

ಜೀವ ಹೋಗುವುದು ಬೇರೆ ದಾರಿಯಲ್ಲಿ. ಕೆಲವರ ಮೈ ಒಂದೇ ಕಡಿತಕ್ಕೆ ಅತಿರೇಕದಿಂದ ತಿರುಗಿಬೀಳುತ್ತದೆ. ವೈದ್ಯರು ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಇದನ್ನು ಗುರುತಿಸಿದ್ದಕ್ಕೆ ಫ್ರಾನ್ಸಿನ ಷಾರ್ಲ್ ರಿಷೆಗೆ 1913ರಲ್ಲಿ ನೊಬೆಲ್ ಬಂತು. ಕೈಗೆ ಕಡಿದಿದೆ, ಆದರೆ ಹೊಟ್ಟೆ–ಬೆನ್ನಿಗೆಲ್ಲ ದದ್ದು. ತುಟಿ, ಕಣ್ಣರೆಪ್ಪೆ ಊದುವುದು, ದನಿ ಒಡೆಯುವುದು, ಉಸಿರಲ್ಲಿ ಸಿಳ್ಳು, ವಾಂತಿ, ತಲೆ ತಿರುಗಿ ಬೀಳುವುದು. ಹೆಚ್ಚಾಗಿ ಅರ್ಧ ಗಂಟೆಯೊಳಗೇ ಶುರು. ಇಲ್ಲಿ ಲೆಕ್ಕಕ್ಕೆ ಬರುವುದು ಒಂದೇ ಔಷಧ, ಅಡ್ರಿನಾಲಿನ್. ದೊಡ್ಡವರಿಗೆ 0.5 ಮಿಲಿಗ್ರಾಂ, ಮಕ್ಕಳಿಗೆ ಕೆಜಿ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ, ತೊಡೆಯ ಹೊರಮಗ್ಗುಲ ಸ್ನಾಯುವಿಗೆ. ಹಾವಿನ ವಿಷಕ್ಕಿರುವಂಥ ಪ್ರತಿವಿಷ ಕಣಜಕ್ಕಿಲ್ಲ.

ನಮ್ಮ ಹಳ್ಳಿಗಳಲ್ಲಿ ಹುಳ ಕಡಿದು ಬಂದವರಿಗೆ ಮೊದಲು ಸಿಗುವುದು ಅವಿಲ್ ಮತ್ತು ಡೆಕ್ಸಾ ಇಂಜೆಕ್ಷನ್. ಬರೀ ತುರಿಕೆ, ದದ್ದಿಗೆ ಅವು ಸರಿ. ಉಸಿರು ಕಟ್ಟಿದಾಗ, ರಕ್ತದೊತ್ತಡ ಬಿದ್ದಾಗ ಅವು ಅಡ್ರಿನಾಲಿನ್ ಬದಲಿಗೆ ಆಗುವುದಿಲ್ಲ, ಮತ್ತು ಅವನ್ನು ಕೊಟ್ಟು ಕಾದು ನೋಡಿದ ಹೊತ್ತೇ ಕೈ ಮೀರುವ ಹೊತ್ತು. ‘ಅಡ್ರಿನಾಲಿನ್ ಕೊಡ್ರಿ ಸರ್’ ಎಂದು ಕೇಳಲು ಮನೆಯವರು ಹಿಂಜರಿಯಬಾರದು. ಇದು ಅಗ್ಗದ, ಹಳೆಯ ಔಷಧ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕಾದದ್ದು. ದೇವದುರ್ಗದ ಒಳಹಳ್ಳಿಯಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಗಂಟೆಗೂ ಮೀರಿದ ದಾರಿ. ಅಲ್ಲಿಗೇ ಹೋಗಬೇಕೆಂದು ನಡುವಿನ ಆರೋಗ್ಯ ಕೇಂದ್ರವನ್ನು, ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಓಡುವುದು ದೊಡ್ಡ ತಪ್ಪು. ಮೊದಲ ಇಂಜೆಕ್ಷನ್ ಹತ್ತಿರದಲ್ಲಿ, ಮುಂದಿನ ಚಿಕಿತ್ಸೆ ದೊಡ್ಡ ಆಸ್ಪತ್ರೆಯಲ್ಲಿ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆ ಅಲ್ಲೇ ಇರಬೇಕು. ಕೆಲವರಿಗೆ ಎರಡನೆಯ ಸಲ ತಿರುಗಿ ಬರುತ್ತದೆ.

ಒಯ್ಯುವ ರೀತಿಯೂ ಮುಖ್ಯ. ಒಬ್ಬ ಮುಂದೆ ಓಡಿಸುತ್ತಾನೆ, ಇನ್ನೊಬ್ಬ ಹಿಂದೆ ಆತುಕೊಳ್ಳುತ್ತಾನೆ, ನಡುವೆ ತಲೆ ವಾಲಿದ ರೋಗಿ: ಬೈಕ್ ಮೇಲಿನ ಈ ಸವಾರಿ ನಮಗೆಲ್ಲ ಪರಿಚಿತ. ರಕ್ತದೊತ್ತಡ ಬಿದ್ದವರನ್ನು ಹೀಗೆ ನೆಟ್ಟಗೆ ಕೂರಿಸಿದರೆ, ಎಬ್ಬಿಸಿ ನಡೆಸಿದರೆ ಹೃದಯಕ್ಕೆ ವಾಪಸಾಗುವ ರಕ್ತವೇ ನಿಂತು ಅಲ್ಲೇ ಕುಸಿಯಬಹುದು. ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟವೇ ಕಷ್ಟವಾದರೆ ಕಾಲು ಚಾಚಿ ಒರಗಿಸಬೇಕು. ಹಾಗಾಗಿ 108 ಅಥವಾ ಮಲಗಿಸಲು ಜಾಗವಿರುವ ಯಾವುದಾದರೂ ಗಾಡಿ. ಅಟೆನೋಲಾಲ್‌ನಂಥ ಬಿಪಿ ಮಾತ್ರೆ ನುಂಗುವವರಲ್ಲಿ ಅಡ್ರಿನಾಲಿನ್ ಅಷ್ಟು ಬೇಗ ಹಿಡಿಯದೆ ಇರಬಹುದು. ಮಾತ್ರೆಯ ಚೀಟಿಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಅನುಕೂಲ.

ಅಲರ್ಜಿ ಇಲ್ಲದವರಿಗೂ ಅಪಾಯ ಬರುವುದು ನೂರಾರು ಹುಳ ಒಟ್ಟಿಗೆ ಎರಗಿದಾಗ. ಹೆಜ್ಜೇನು ಎದ್ದರೆ ಅಲ್ಲಾಡದೆ ನಿಲ್ಲಬೇಕೆಂಬ ಮಾತು ನಂಬಬೇಡಿ. ಮುಖ, ಮೂಗು ಮುಚ್ಚಿಕೊಂಡು ಓಡಿ ಮನೆಯೋ ಕಾರೋ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಸೇರಬೇಕು. ಬಾವಿಗೆ, ಕಾಲುವೆಗೆ ಹಾರಿದರೆ ಮೇಲೆ ಸುತ್ತುತ್ತ ಕಾಯುತ್ತವೆ, ಈಜು ಬಾರದವರಿಗೆ ಕಾಲುವೆಯೇ ಮುಳುವು. ಹೀಗೆ ಹತ್ತಾರು ಕಡಿತ ತಿಂದವರು ಆಸ್ಪತ್ರೆಯಲ್ಲಿ ಮೊದಲ ದಿನ ಎದ್ದು ಕೂತು ಚಹಾ ಕುಡಿಯಬಹುದು, ‘ಏನೂ ಆಗಿಲ್ಲ, ಮನಿಗೆ ಹೋಗ್ತೀವ್ರಿ’ ಎನ್ನಬಹುದು. ವಿಷ ಸ್ನಾಯುವನ್ನೂ ಕೆಂಪು ರಕ್ತಕಣವನ್ನೂ ಒಡೆದು, ಆ ಕಸ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳಲು ಒಂದೆರಡು ದಿನ ಬೇಕು. ಬಿಸಿಲಲ್ಲಿ ದುಡಿದು ಮೈಯ ನೀರು ಬತ್ತಿದವರಲ್ಲಿ ಇದು ಇನ್ನೂ ಸಲೀಸು. ಮೂತ್ರ ಕಡಿಮೆಯಾದರೆ, ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಆ ಗಳಿಗೆಯಲ್ಲೇ ವೈದ್ಯರಿಗೆ ಹೇಳಬೇಕು. ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಬೇಕು. ಸಕಾಲಕ್ಕೆ ಸಲೈನ್, ಬೇಕಾದರೆ ಕೆಲವು ಸಲ ಡಯಾಲಿಸಿಸ್ ಆದವರ ಮೂತ್ರಪಿಂಡ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಿರುಗಿ ಕೆಲಸ ಶುರುಮಾಡುತ್ತದೆ.